ಅಮ್ಮನ ಹರೆಯದ ಹಾಡು, ನನ್ನ ಬಾಲ್ಯದ ಕಿವಿ

'ಗೀತಾ' ಚಿತ್ರ ಬಂದದ್ದು 1981ರಲ್ಲಿ. ಆಗಿನ್ನೂ ನನಗೆ ನಾಲಿಗೆ ಸರಿಯಾಗಿ ತಿರುಗುತ್ತಿರಲಿಲ್ಲ. ಶಂಕರ್‌ನಾಗ್ ಯಾರು, ಇಳಯರಾಜ ಯಾರು ಎನ್ನುವುದಿರಲಿ, ಸಿನಿಮಾ ಎಂದರೇನೆಂದೇ ತಿಳಿಯದ ವಯಸ್ಸು. ಆದರೂ ಆ ಚಿತ್ರದ ಯುಗಳ ಗೀತೆಯ ಆರಂಭದ ವಾದ್ಯ ಯಾವ ಹೋಟೆಲಿನಲ್ಲಿ, ಯಾವ ಬಸ್ಸಿನಲ್ಲಿ ಕೇಳಿಸಿದರೂ ಪಲ್ಲವಿ ಬರುವ ಮೊದಲೇ ನನ್ನ ಬಾಯಲ್ಲಿ ಅದು ಸಿದ್ಧವಾಗಿರುತ್ತದೆ. ಚರಣಗಳು ತಪ್ಪುವುದಿಲ್ಲ. ನಡುವಿನ ಪಿಟೀಲಿನ ಓಟ ಎಲ್ಲಿ ನಿಂತು ಎಲ್ಲಿ ಹಾಡು ಮತ್ತೆ ಶುರುವಾಗುತ್ತದೆ ಎನ್ನುವುದೂ ಗೊತ್ತು. ಇದನ್ನು ಕಲಿತದ್ದು ಯಾವಾಗ, ಎಲ್ಲಿ, ಯಾರಿಂದ ಎಂದು ಕೇಳಿದರೆ ಮಾತ್ರ ನನ್ನ ಬಳಿ ಉತ್ತರವಿಲ್ಲ. ಮೊದಲ ಸಲ ಕೇಳಿದ ನೆನಪೇ ಇಲ್ಲದ ಹಾಡು ಅದು.

ಎಳವೆಯ ಜನಪ್ರಿಯ ಹಾಡುಗಳ ವಿಶೇಷ ಇದೇ. ಕಾಲೇಜಿನ ಕಾಲದ ಹಾಡುಗಳನ್ನು ನಾವೇ ಆರಿಸಿಕೊಂಡಿರುತ್ತೇವೆ. ಯಾರ ಜೊತೆ ಕೇಳಿದೆವು, ಯಾರಿಗಾಗಿ ಹಾಡಿದೆವು ಎಂಬುದೆಲ್ಲ ನೆನಪಿರುತ್ತದೆ. ಆರೇಳು ವರ್ಷದೊಳಗಿನ ಹಾಡುಗಳನ್ನು ನಾವು ಆರಿಸಿಕೊಂಡವರಲ್ಲ. ರೇಡಿಯೊದ ಕಿವಿ ತಿರುಪುತ್ತಿದ್ದವರು ದೊಡ್ಡವರು. ಕ್ಯಾಸೆಟ್ಟಿಗೆ ದುಡ್ಡು ಕೊಟ್ಟವರು ಅವರು, ಟಾಕೀಸಿಗೆ ಹೋಗಿ ಬಂದು ಬಚ್ಚಲಲ್ಲಿ ಗುನುಗಿದವರೂ ಅವರೇ. ಈಚಿನ ವರ್ಷಗಳಲ್ಲಿ ಆ ಹಾಡುಗಳನ್ನು ಒಂದೊಂದಾಗಿ ಮತ್ತೆ ಹುಡುಕಿ ಕೇಳುತ್ತಾ ಬಂದಿದ್ದೇನೆ. ಕೇಳಿದಷ್ಟೂ ನನಗೆ ಗಟ್ಟಿಯಾಗುತ್ತಿರುವ ನಂಬಿಕೆಯೆಂದರೆ, ಅಲ್ಲಿ ನನ್ನ ಬಾಲ್ಯಕ್ಕಿಂತ ಹೆಚ್ಚಾಗಿ ಸಿಗುವುದು ನನ್ನನ್ನು ಎತ್ತಿ ಆಡಿಸಿದವರ ಹರೆಯ.

ಅರಸೀಕೆರೆ ಸೀಮೆಯ ನಮ್ಮ ಊರಿಗೆ ಹಾಡು ಬರುತ್ತಿದ್ದ ದಾರಿಗಳು ಕೆಲವೇ. ಮೊದಲನೆಯದು ಆಕಾಶವಾಣಿ. ಎರಡನೆಯದು ಮದುವೆ, ಗಣಪತಿ, ಜಾತ್ರೆಗಳಲ್ಲಿ ಮರಕ್ಕೆ ಕಟ್ಟಿದ ಮೈಕ್‌ಸೆಟ್ಟಿನ ಕಹಳೆ. ಅದು ಮೂರು ಹೊಲ ದಾಟಿ ಕೇಳಿಸುತ್ತಿತ್ತು. ಮೂರನೆಯದು ಟೆಂಟ್ ಸಿನಿಮಾ. ಸಂಜೆ ಟೆಂಟಿನವರು ಹಾಡು ಹಾಕಿದರೆಂದರೆ ಇಡೀ ಊರಿಗೆ ಅದೇ ಗಡಿಯಾರ. ಘಂಟಸಾಲ ಹಾಡಿದ ವೆಂಕಟೇಶ್ವರನ ಸ್ತುತಿ ಬಂದರೆ ಇನ್ನೇನು ಆಟ ಶುರು ಎಂದು ಅರ್ಥ, ಅದು ಕಿವಿಗೆ ಬಿದ್ದವರು ಕೈತೊಳೆದು ಓಡುತ್ತಿದ್ದರು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾಯಿತಾದರೂ ನಮ್ಮಂಥ ಊರುಗಳಿಗೆ ಟೀವಿ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. ಬಂದ ಮೇಲೆ 'ಚಿತ್ರಮಂಜರಿ'ಯ ಹೊತ್ತಿಗೆ ಟೀವಿಯಿದ್ದ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಲ್ಲಿಯವರೆಗೆ ನಮಗೆ ಹಾಡೆಂದರೆ ಬರೀ ಧ್ವನಿ. ಅದಕ್ಕೆ ಮುಖವಿರಲಿಲ್ಲ.

ರೇಡಿಯೊದ ಒಂದು ಉಪಕಾರವನ್ನು ಇಲ್ಲಿ ಹೇಳಲೇಬೇಕು. ಮೆಚ್ಚಿನ ಚಿತ್ರಗೀತೆಗಳ ಕಾರ್ಯಕ್ರಮದಲ್ಲಿ ಕೋರಿಕೆಯ ಕಾರ್ಡು ಬರೆದವರ ಹೆಸರು, ಊರು ಓದಿದ ಮೇಲೆ ಉದ್ಘೋಷಕರು ಚಿತ್ರದ ಹೆಸರು ಹೇಳುತ್ತಿದ್ದರು. ಆಮೇಲೆ ಸಾಹಿತ್ಯ, ಸಂಗೀತ, ಗಾಯನ. ಪ್ರತಿ ಹಾಡಿಗೂ ಇದೇ ಕ್ರಮ, ಒಂದು ದಿನವೂ ತಪ್ಪದೆ. ಅಕ್ಷರ ಕಲಿಯುವ ಮೊದಲೇ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ರಾಜನ್-ನಾಗೇಂದ್ರ, ಎಂ. ರಂಗರಾವ್, ಜಿ.ಕೆ. ವೆಂಕಟೇಶ್, ಉಪೇಂದ್ರಕುಮಾರ್ ಎಂಬ ಹೆಸರುಗಳು ನಮಗೆ ನೆಂಟರ ಹೆಸರಿನಷ್ಟು ಪರಿಚಿತವಾಗಿದ್ದವು. ಹಾಡೊಂದನ್ನು ಯಾರೋ ಬರೆಯುತ್ತಾರೆ, ಯಾರೋ ರಾಗ ಹಾಕುತ್ತಾರೆ, ಬೇರೆ ಯಾರೋ ಹಾಡುತ್ತಾರೆ, ತೆರೆಯ ಮೇಲೆ ತುಟಿ ಆಡಿಸುವವರು ಮತ್ತೊಬ್ಬರು ಎಂಬ ತಿಳಿವಳಿಕೆಯನ್ನು ಆಕಾಶವಾಣಿ ಮಕ್ಕಳಿಗೂ ಕೊಟ್ಟಿತ್ತು. ಇವತ್ತು ಮೊಬೈಲಿನ ಆ್ಯಪಿನಲ್ಲಿ ಅದೇ ಹಾಡು ಹಾಕಿದರೆ ನಾಯಕನ ಚಿತ್ರ ಕಾಣುತ್ತದೆ, ಗಾಯಕರ ಹೆಸರೂ ಕಾಣುತ್ತದೆ. ಬರೆದವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಇದು ನನಗೆ ಸಣ್ಣ ಕೊರತೆ ಅನ್ನಿಸುವುದಿಲ್ಲ.

ಹಳೆಯ ಹಾಡುಗಳ ಬೆನ್ನು ಹತ್ತಿದ ಮೇಲೆ ಒಂದು ದಿನ ಅಮ್ಮನ ಟ್ರಂಕಿನಿಂದ ಪದ್ಯಾವಳಿಗಳ ಕಟ್ಟು ಹೊರಬಂತು. ಟಾಕೀಸಿನ ಬಾಗಿಲಲ್ಲಿ ಕೆಲವೇ ಪೈಸೆಗಳಿಗೆ ಮಾರುತ್ತಿದ್ದ ತೆಳುವಾದ ಪುಸ್ತಕಗಳವು. ಮೊದಲ ಪುಟದಲ್ಲಿ ಪಾತ್ರವರ್ಗ, ಆಮೇಲೆ ಅರ್ಧ ಕಥೆ. ಕಥೆ ಬಿಗಿಯಾಗುವ ಜಾಗದಲ್ಲಿ ಬರವಣಿಗೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂಬ ಸೂಚನೆ. ಕೊನೆಗೆ ಎಲ್ಲ ಹಾಡುಗಳ ಪೂರ್ತಿ ಸಾಹಿತ್ಯ. ಕಟ್ಟಿನಲ್ಲಿದ್ದವು ಹೆಚ್ಚಾಗಿ 1971ರಿಂದ 1977ರವರೆಗಿನ ಚಿತ್ರಗಳು: 'ಶರಪಂಜರ', 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ', 'ನಾಗರಹಾವು', 'ಎರಡು ಕನಸು', 'ಶುಭಮಂಗಳ', 'ಬಯಲುದಾರಿ'. ಅಮ್ಮನಿಗೆ ಹದಿನಾರರಿಂದ ಇಪ್ಪತ್ತೆರಡರವರೆಗಿನ ವರ್ಷಗಳು ಅವು. ಮದುವೆಯಾಗಿ ಬರುವಾಗ ಸೀರೆಗಳ ಕೆಳಗೆ ಇಟ್ಟುಕೊಂಡು ಬಂದಿದ್ದಾಳೆ.

ಆ ಕಟ್ಟನ್ನು ತಿರುವಿದಾಗ ನನಗೆ ಹೊಳೆದದ್ದಿಷ್ಟು. ನನ್ನ ಬಾಲ್ಯದ ಹಾಡುಗಳು ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದವುಗಳಲ್ಲಿ ಅರ್ಧಕ್ಕೂ ಹೆಚ್ಚು ನಾನು ಹುಟ್ಟುವುದಕ್ಕೆ ಮುಂಚೆಯೇ ಬಂದಿದ್ದವು. ಅವು ನನ್ನ ತೊಟ್ಟಿಲಿನ ಬಳಿಗೆ ಬಂದದ್ದು ಅಮ್ಮ ತನ್ನ ಹರೆಯವನ್ನು ಬಿಡದೆ ಗುನುಗುತ್ತಿದ್ದುದರಿಂದ.

ಇದು ನನ್ನ ಮನೆಯೊಂದರ ಮಾತಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹ್ಯಾನ್ಸಲ್ ಅವರು ಜಸ್ಟಿನ್ ಝುಪ್‌ನಿಕ್ ಜೊತೆ ಸೇರಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1955ರಿಂದ 2009ರವರೆಗಿನ ಅತಿ ಜನಪ್ರಿಯ ಹಾಡುಗಳ ತುಣುಕುಗಳನ್ನು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ ಕೇಳಿಸಿ, ಯಾವುದು ಗೊತ್ತು, ಯಾವುದು ಇಷ್ಟ, ಯಾವುದರ ಜೊತೆ ನೆನಪುಗಳಿವೆ ಎಂದು ಕೇಳಿದರು. ತಮ್ಮ ಕಾಲದ ಹಾಡುಗಳು ಆ ಮಕ್ಕಳಿಗೆ ಗೊತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಎಂಬತ್ತರ ದಶಕದ ಆರಂಭದ ಹಾಡುಗಳ ಬಳಿ ಬಂದಾಗ ನೆನಪಿನ ಗೆರೆ ಮತ್ತೆ ಮೇಲೇರಿತ್ತು. ಅದು ಅವರ ಅಪ್ಪ ಅಮ್ಮಂದಿರು ಹರೆಯದಲ್ಲಿದ್ದ ಕಾಲ. ಅರವತ್ತರ ದಶಕದ ಹಾಡುಗಳಿಗೂ ಇನ್ನೊಂದು ಸಣ್ಣ ಏರಿಕೆ ಕಂಡಿತು, ಬಹುಶಃ ಅಜ್ಜ ಅಜ್ಜಿಯರ ಪಾಲಿನದು. ಇದಕ್ಕೂ ಹಿಂದೆ, 1988ರಲ್ಲಿ, ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ನವಜಾತ ಶಿಶುಗಳನ್ನು ಗಮನಿಸಿದ್ದರು. ಬಸುರಿಯಾಗಿದ್ದಾಗ ಒಂದು ಟೀವಿ ಧಾರಾವಾಹಿಯನ್ನು ತಪ್ಪದೆ ನೋಡುತ್ತಿದ್ದ ತಾಯಂದಿರ ಮಕ್ಕಳು ಹುಟ್ಟಿದ ಕೆಲವೇ ದಿನಗಳಲ್ಲಿ ಅದರ ಶೀರ್ಷಿಕೆ ಸಂಗೀತ ಕೇಳಿ ಅಳು ನಿಲ್ಲಿಸಿ ಕಿವಿಗೊಡುತ್ತಿದ್ದವು. ಮೂರು ವರ್ಷಕ್ಕೆ ಮೊದಲಿನ ಘಟನೆಗಳು ದೊಡ್ಡವರಾದ ಮೇಲೆ ನಮಗೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಘಟನೆ ಅಳಿಸಿಹೋದರೂ ಅದರ ಜೊತೆಗಿದ್ದ ರಾಗ ಉಳಿಯಬಹುದು ಎಂಬುದಕ್ಕೆ ನನ್ನ 'ಗೀತಾ' ಸಾಕ್ಷಿ ಹೇಳುತ್ತಿದೆ.

ಆ ಕಟ್ಟಿನಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು 1974ರ 'ಎರಡು ಕನಸು'. ದೊರೆ-ಭಗವಾನ್ ನಿರ್ದೇಶನ, ವಾಣಿಯವರ ಕಾದಂಬರಿ ಆಧಾರ, ರಾಜನ್-ನಾಗೇಂದ್ರ ಸಂಗೀತ, ಉದಯಶಂಕರ್ ಸಾಹಿತ್ಯ. ಅದರಲ್ಲಿ ಕಲ್ಪನಾ ಅವರಿಗಾಗಿ ಎಸ್. ಜಾನಕಿ ಹಾಡಿದ ಹಾಡೊಂದಿದೆ. ಮೇಲ್ನೋಟಕ್ಕೆ ದೇವರ ಹಾಡು, ರಾಮನನ್ನು ಕರೆಯುವ ಹಾಡು. ನಮ್ಮ ಮನೆಯಲ್ಲಿ ಬೆಳಿಗ್ಗೆ ದೀಪ ಹಚ್ಚುವಾಗ, ಶುಕ್ರವಾರ ಹೊಸ್ತಿಲಿಗೆ ಅರಿಶಿನ ಬಳಿಯುವಾಗ ಅಮ್ಮ ಅದನ್ನೇ ಹಾಡಿಕೊಳ್ಳುತ್ತಿದ್ದಳು. ಪುರಂದರದಾಸರ ಕೀರ್ತನೆಗೂ ಇದಕ್ಕೂ ವ್ಯತ್ಯಾಸವಿದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ನವರಾತ್ರಿಯ ಬೊಂಬೆ ಆರತಿಯಲ್ಲಿ ನನ್ನಿಂದಲೂ ಹಾಡಿಸಿದ್ದಾರೆ.

ದೊಡ್ಡವಳಾಗಿ ಚಿತ್ರ ನೋಡಿದಾಗ ಅದೇ ಹಾಡು ಬೇರೆಯಾಗಿ ಕೇಳಿಸಿತು. ಮೊದಲ ಪ್ರೀತಿಯನ್ನು ಮರೆಯಲಾರದ ಗಂಡ, ಅವನ ಮನೆಗೆ ಬಂದು ಅವನ ಒಂದು ನೋಟಕ್ಕಾಗಿ ಕಾಯುವ ಹೆಂಡತಿ. ಅವಳ ಪ್ರಾರ್ಥನೆ ದೇವರ ಮನೆಯಿಂದ ಹೊರಟು ಅದೇ ಸೂರಿನ ಕೆಳಗಿರುವ ಮನುಷ್ಯನ ಕಿವಿಗೂ ತಲುಪಲಿ ಎಂಬಂತೆ ಉದಯಶಂಕರ್ ಬರೆದಿದ್ದಾರೆ. ಎರಡು ಅರ್ಥ ಒಂದೇ ಸಾಲಿನಲ್ಲಿ ಕೂತಿದ್ದರೂ ಒಂದು ಇನ್ನೊಂದನ್ನು ತಳ್ಳುವುದಿಲ್ಲ. ದೇವರ ಹಾಡೆಂದು ಹಾಡುವವರಿಗೆ ಅದು ಪೂರ್ತಿ ದೇವರ ಹಾಡೇ. ಜಾನಕಿಯವರಂತೂ ದೂರನ್ನು ದೂರಾಗಿ ಹಾಡುವುದಿಲ್ಲ. ಎಲ್ಲಿಯೂ ಬಿಕ್ಕುವುದಿಲ್ಲ, ಗಂಟಲು ಕಟ್ಟಿಸಿಕೊಳ್ಳುವುದಿಲ್ಲ. ಸ್ವರ ನೇರವಾಗಿ, ಸ್ವಚ್ಛವಾಗಿ ನಿಲ್ಲುತ್ತದೆ. ಆ ಸಂಯಮವೇ ಆ ಹೆಣ್ಣಿನ ಘನತೆ. ಕನ್ನಡ ಚಿತ್ರಗೀತೆ ತಲುಪಿದ ಎತ್ತರಗಳಲ್ಲಿ ಇದೊಂದು ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಅಮ್ಮನನ್ನು ಕೇಳಿದೆ, ಈ ಹಾಡು ನಿನಗೆ ಯಾಕೆ ಅಷ್ಟು ಇಷ್ಟ ಎಂದು. ಯಾವುದೋ ನೋವಿನ ಕಥೆ ಹೊರಬೀಳಬಹುದೆಂದು ಅಳುಕೂ ಇತ್ತು. ಅವಳು ನಕ್ಕುಬಿಟ್ಟಳು. "ಅದನ್ನ ನೋಡಕ್ಕೆ ಹೋದಾಗ ನಂಗಿನ್ನೂ ಮದುವೆ ಆಗಿರ್ಲಿಲ್ಲ ಕಣೇ. ನಾವು ನಾಲ್ಕು ಜನ ಹುಡುಗೀರು, ಟೈಪಿಂಗ್ ಕ್ಲಾಸಿಗೆ ಅಂತ ಹೇಳಿ ತಿಪಟೂರಿಗೆ ಮ್ಯಾಟ್ನಿಗೆ ಹೋಗಿದ್ವು. ವಾಪಸ್ ಬರೋವಾಗ ಬಸ್ಸಲ್ಲಿ ನಾಲ್ಕೂ ಜನ ಹಾಡ್ಕೊಂಡು ಬಂದ್ವಿ, ಕಂಡಕ್ಟರು ಸುಮ್ನಿರ್ರಮ್ಮ ಅಂದ" ಎಂದಳು. ಇಪ್ಪತ್ತು ವರ್ಷವೂ ತುಂಬದ, ಮನೆಯಲ್ಲಿ ಸುಳ್ಳು ಹೇಳಿ ಸಿನಿಮಾಕ್ಕೆ ಹೋದ ಆ ಹುಡುಗಿಯನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಅರಿಶಿನದ ಕೈಯಲ್ಲಿ ಹೊಸ್ತಿಲ ಮುಂದೆ ಕೂತು ಹಾಡುತ್ತಿದ್ದಾಗ ಅವಳ ಮನಸ್ಸು ಇದ್ದದ್ದು ಆ ಬಸ್ಸಿನಲ್ಲಿ. ನನಗೆ ಭಕ್ತಿಯಾಗಿ ಕಂಡದ್ದು, ಆಮೇಲೆ ವಿರಹವಾಗಿ ಕಂಡದ್ದು, ಅವಳಿಗೆ ಗೆಳತಿಯರ ಜೊತೆಗಿನ ಒಂದು ಸಂತೋಷದ ಮಧ್ಯಾಹ್ನ.

ಅದೇ ಮಾತಿನ ಓಘದಲ್ಲಿ ಅಮ್ಮ ಇನ್ನೊಂದು ಮಾತು ಹೇಳಿದಳು: "ರಾಜ್‌ಕುಮಾರ್ ಅಂದ್ರೆ ನನಗೆ ಪಿ.ಬಿ. ಶ್ರೀನಿವಾಸ್ ದನೀನೇ." ನನಗಾದರೋ ಅದು ಎರಡು ಬೇರೆ ಧ್ವನಿ. 1974 ಆ ಮಟ್ಟಿಗೆ ಒಂದು ಗಡಿಗೆರೆ. 'ಎರಡು ಕನಸು' ಚಿತ್ರದಲ್ಲಿ ರಾಜ್ ಅವರಿಗೆ ಹಾಡಿದವರು ಶ್ರೀನಿವಾಸ್. ಅದೇ ವರ್ಷದ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ರಾಜ್ ಅವರಿಂದಲೇ ಹಾಡಿಸಿದರು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಎಂಬತ್ತರ ದಶಕದ ಮಕ್ಕಳಿಗೆ ರಾಜ್ ಎಂದರೆ ರಾಜ್ ಅವರದೇ ಕಂಠ. 'ಹಾಲು ಜೇನು', 'ಹೊಸ ಬೆಳಕು', 'ಕವಿರತ್ನ ಕಾಳಿದಾಸ', 'ಕಾಮನಬಿಲ್ಲು' ಎಲ್ಲ ಆ ಸಾಲಿನವು. 'ಹೊಸ ಬೆಳಕು' ಚಿತ್ರದಲ್ಲಿ ಕುವೆಂಪು ಅವರ ಕವಿತೆಯೂ ಇತ್ತು. ಶಾಲೆಯ ಪಠ್ಯದಲ್ಲಿ ಕುವೆಂಪು ಸಿಗುವ ಮೊದಲೇ ಎಂ. ರಂಗರಾವ್ ಸಂಗೀತದಲ್ಲಿ ನಮಗೆ ಸಿಕ್ಕಿದ್ದರು. ಅಮ್ಮನ ಪೀಳಿಗೆಗೆ ರಾಜ್ ಹಾಡತೊಡಗಿದ್ದು ಒಂದು ಸುದ್ದಿ, ಒಂದು ಬದಲಾವಣೆ. ನಮಗೆ ಅದು ಹುಟ್ಟುವಾಗಲೇ ಇದ್ದ ಸಂಗತಿ. ಶ್ರೀನಿವಾಸ್ ಅವರ ಮೆತ್ತನೆಯ ಕಂಠ ನಮ್ಮ ಕಾಲದ ಹೊತ್ತಿಗೆ ಬೆಳಗಿನ ರೇಡಿಯೊದ ಧ್ವನಿಯಾಗಿತ್ತು, ಅಮ್ಮಂದಿರ ಕಾಲದ ಧ್ವನಿ. ಅದನ್ನು ನಾನು ನಿಜವಾಗಿ ಕೇಳಿಸಿಕೊಂಡದ್ದು ನಲವತ್ತು ದಾಟಿದ ಮೇಲೆಯೇ.

ಕಾಕಿನಾಡದ ಶ್ರೀನಿವಾಸ್, ಗುಂಟೂರು ಸೀಮೆಯ ಜಾನಕಿ, ವಿಜಯನಗರಂನ ಪಿ. ಸುಶೀಲಾ, ವೆಲ್ಲೂರಿನ ವಾಣಿ ಜಯರಾಂ, ನೆಲ್ಲೂರಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ. ನನಗೆ ಕನ್ನಡದ ಉಚ್ಚಾರ ಕಲಿಸಿದ ಕಂಠಗಳಲ್ಲಿ ಬಹುಪಾಲು ಕನ್ನಡ ಮನೆಮಾತಿನವಲ್ಲ. ಹಾಡುಗಳು ಮುದ್ರಣವಾಗುತ್ತಿದ್ದದ್ದು ಹೆಚ್ಚಾಗಿ ಮದರಾಸಿನಲ್ಲಿ. ಗಾಯಕರು, ವಾದ್ಯಗಾರರು ಎಲ್ಲರೂ ಒಟ್ಟಿಗೆ ಕೂತು, ಒಬ್ಬರು ಎಡವಿದರೂ ಎಲ್ಲರೂ ಮೊದಲಿನಿಂದ ಶುರುಮಾಡಬೇಕಾದ ಕಾಲ ಅದು. ಅಂಥ ಗೋಷ್ಠಿಗಳಲ್ಲಿ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಾ, ಸಹಾಯಕನಾಗಿ ಸ್ವರ ಬರೆದುಕೊಡುತ್ತಾ ಪಳಗಿದ ಯುವಕನೇ ಮುಂದೆ ಇಳಯರಾಜ ಆದದ್ದು. ಎಪ್ಪತ್ತರ ದಶಕದ ಎಷ್ಟೋ ಕನ್ನಡ ಹಾಡುಗಳ ಹಿನ್ನೆಲೆಯಲ್ಲಿ ಅವರ ಬೆರಳಿದೆ. ಹಾಗಾಗಿ 1981ರಲ್ಲಿ 'ಗೀತಾ' ಮತ್ತು 'ನೀ ನನ್ನ ಗೆಲ್ಲಲಾರೆ' ಚಿತ್ರಗಳಿಗೆ ಸಂಗೀತ ಕೊಟ್ಟಾಗ ಅವರು ಕನ್ನಡಕ್ಕೆ ಹೊಸಬರೇನೂ ಆಗಿರಲಿಲ್ಲ. ಅಮ್ಮನ ಕಟ್ಟಿನ ಹಾಡಿಗೂ ನನ್ನ ತೊಟ್ಟಿಲ ಹಾಡಿಗೂ ನಡುವೆ ಹೀಗೊಂದು ಕೊಂಡಿ ಇರುವುದು ಗೊತ್ತಾದ ದಿನ ನನಗೆ ಬಹಳ ಹಿಗ್ಗಾಯಿತು.

'ಗೀತಾ' ಚಿತ್ರದ ಆ ಹಾಡನ್ನು ಈಗ ಕೇಳಿದರೆ ಮಗುವಿನ ಕಿವಿಗೆ ಸಿಗದೇ ಹೋದದ್ದು ಎರಡು. ಒಂದು, ಕೆಳಗೆ ಓಡುವ ಬೇಸ್ ಗಿಟಾರ್. ಆಗಿನ ರೇಡಿಯೊದ ಪುಟ್ಟ ಸ್ಪೀಕರಿನಲ್ಲಿ ಅದು ಕೇಳಿಸುತ್ತಲೇ ಇರಲಿಲ್ಲ. ಒಳ್ಳೆಯ ಹೆಡ್‌ಫೋನಿನಲ್ಲಿ ಮೊದಲ ಬಾರಿ ಅದನ್ನು ಕೇಳಿದಾಗ, ಇಷ್ಟು ವರ್ಷ ಗೊತ್ತಿದ್ದ ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿತ್ತಲ್ಲ ಎಂದು ಬೆರಗಾಯಿತು. ಎರಡು, ಕಥೆ. ಜೊತೆಯಾಗಿ ಸಾಗೋಣ ಎಂದು ಉತ್ಸಾಹದಿಂದ ಹಾಡುವ ಆ ಹುಡುಗಿಗೆ ರಕ್ತದ ಕ್ಯಾನ್ಸರ್. ಸಿನಿಮಾ ನೋಡಿದ ದೊಡ್ಡವರಿಗೆ ಅದು ಗೊತ್ತಿತ್ತು. ಆ ಹಾಡಿನ ಸಂತೋಷದೊಳಗೆ ಒಂದು ಆತುರವಿರುವುದನ್ನು ಅವರು ಕೇಳಿಸಿಕೊಂಡಿದ್ದರು. ನಮಗೆ ಸಿಕ್ಕಿದ್ದು ಕುಣಿತ ಮಾತ್ರ. 1990ರಲ್ಲಿ ಆ ಚಿತ್ರದ ನಾಯಕ ಶಂಕರ್‌ನಾಗ್ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ಯಾರೂ ಆ ಹಾಡನ್ನು ಬರೀ ಕುಣಿತವಾಗಿ ಕೇಳಿರಲಾರರು.

ಆ ರಾಗದ ಪ್ರಯಾಣವೂ ದೊಡ್ಡದು. 1984ರಲ್ಲಿ ಅದು ತಮಿಳಿನ 'ನೂರಾವದು ನಾಳ್' ಚಿತ್ರಕ್ಕೆ ಹೋಯಿತು. 2007ರಲ್ಲಿ ಹಿಂದಿಯ 'ಚೀನಿ ಕಮ್' ಚಿತ್ರದಲ್ಲಿ ಅಮಿತಾಭ್ ಬಚ್ಚನ್, ತಬು ಅವರ ಕಥೆಗೆ ಶ್ರೇಯಾ ಘೋಷಾಲ್ ದನಿಯಲ್ಲಿ ನಿಧಾನಗತಿಯಲ್ಲಿ ಮರಳಿ ಬಂತು. ಬೆಂಗಳೂರಿನ ಒಂದು ಮಾಲ್‌ನಲ್ಲಿ ಆ ಹಿಂದಿ ಹಾಡು ಬರುತ್ತಿದ್ದಾಗ ಸುತ್ತ ಇದ್ದ ಮಧ್ಯವಯಸ್ಸಿನವರ ತುಟಿಗಳೆಲ್ಲ ಕನ್ನಡದಲ್ಲಿ ಆಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಇದಕ್ಕಿಂತ ವಿಚಿತ್ರವಾದದ್ದು 1983ರ 'ಪಲ್ಲವಿ ಅನುಪಲ್ಲವಿ'ಯ ಕಥೆ. ಮಣಿರತ್ನಂ ಅವರ ಮೊದಲ ಚಿತ್ರ, ಅನಿಲ್ ಕಪೂರ್ ನಾಯಕ, ಬಾಲು ಮಹೇಂದ್ರ ಛಾಯಾಗ್ರಹಣ, ಜಯಗೋಪಾಲ್ ಅವರ ಹಾಡುಗಳು. ಗಂಡನಿಂದ ದೂರವಾಗಿ ಮಗನೊಂದಿಗೆ ಬದುಕುತ್ತಿರುವ, ತನಗಿಂತ ಹಿರಿಯಳಾದ ಹೆಣ್ಣೊಬ್ಬಳತ್ತ ಒಬ್ಬ ಯುವಕನ ಮನಸ್ಸು ವಾಲುವ ಕಥೆ. ಲಕ್ಷ್ಮಿ ಆ ಪಾತ್ರ ಮಾಡಿದ್ದರು. ಅದರ ಹಿನ್ನೆಲೆ ಸಂಗೀತದ ಒಂದು ತುಣುಕನ್ನು ಎರಡು ದಶಕದ ಮೇಲೆ ಐಡಿಯಾ ಮೊಬೈಲ್ ಕಂಪನಿ ಜಾಹೀರಾತಿಗೆ ಬಳಸಿತು. ದೇಶದ ತುಂಬ ಅದು ರಿಂಗ್‌ಟೋನ್ ಆಯಿತು. ಲಕ್ಷಾಂತರ ಜನ ಕನ್ನಡ ಚಿತ್ರವೊಂದರ ಸಂಗೀತವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಅದು ಕನ್ನಡದ್ದೆಂದು ಗೊತ್ತಿದ್ದವರು ಎಷ್ಟು ಜನವೋ! ನಮ್ಮ ಚಿಕ್ಕಪ್ಪನಿಗೆ ಗೊತ್ತಿತ್ತು. "ಇದು ನಮ್ಮ ಪಿಚ್ಚರ್ ಮ್ಯೂಸಿಕ್ ಕಣಮ್ಮ, ಯಾವನೋ ಫೋನಿಗೆ ಹಾಕ್ಕೊಂಡವ್ನೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಹಾಡು ತುಂಬಿಸುವ ಹುಚ್ಚು ಇದ್ದದ್ದೂ ಆ ಚಿಕ್ಕಪ್ಪನಿಗೇ. ಪಟ್ಟಣದ ಕ್ಯಾಸೆಟ್ ಅಂಗಡಿಗೆ ಖಾಲಿ ಕ್ಯಾಸೆಟ್ಟು, ಹಾಡುಗಳ ಪಟ್ಟಿ ಎರಡೂ ಕೊಟ್ಟು ಬಂದರೆ ವಾರದೊಳಗೆ ತುಂಬಿಸಿ ಕೊಡುತ್ತಿದ್ದರು. ಒಂದು ಕಡೆ 'ಬಂಧನ', ಇನ್ನೊಂದು ಕಡೆ ಅವನ ಮನಸ್ಸಿಗೆ ಬಂದದ್ದು. ನಮ್ಮ ಮನೆಯ ಟೇಪ್‌ರೆಕಾರ್ಡರಿನ ಮೋಟಾರು ಸ್ವಲ್ಪ ವೇಗವಾಗಿ ಓಡುತ್ತಿತ್ತು ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಮೊಬೈಲಿನಲ್ಲಿ 'ಬಂಧನ'ದ ಹಾಡುಗಳನ್ನು ಕೇಳಿದಾಗಲೆಲ್ಲ ಬಾಲಸುಬ್ರಹ್ಮಣ್ಯಂ ಯಾಕೋ ಇಳಿದನಿಯಲ್ಲಿ ಹಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಕ್ಯಾಸೆಟ್ಟು ಓಡಬೇಕಾದ್ದು ಸೆಕೆಂಡಿಗೆ 4.76 ಸೆಂಟಿಮೀಟರ್. ಅದರಲ್ಲಿ ನೂರಕ್ಕೆ ಆರರಷ್ಟು ಹೆಚ್ಚಾದರೆ ಸಾಕು, ಇಡೀ ಹಾಡು ಅರ್ಧ ಸ್ವರ ಮೇಲೇರುತ್ತದೆ. ಸಂಗೀತ ಕಲಿಯದ ಸಾಮಾನ್ಯ ಜನರಿಗೂ ತಮ್ಮ ಮೆಚ್ಚಿನ ಹಾಡಿನ ಶ್ರುತಿ ನೆನಪಿರುತ್ತದೆ ಎಂದು ಡೇನಿಯಲ್ ಲೆವಿಟಿನ್ 1994ರಲ್ಲಿ ತೋರಿಸಿದ್ದರು. ಬರೀ ನೆನಪಿನಿಂದ ಹಾಡಿಸಿದರೂ ಅನೇಕರು ಮೂಲ ಧ್ವನಿಮುದ್ರಿಕೆಯ ಶ್ರುತಿಗೆ ಬಹಳ ಹತ್ತಿರ ಬಂದಿದ್ದರು. ನನ್ನ ನೆನಪಿನಲ್ಲಿರುವ ಶ್ರುತಿ ಎಂ. ರಂಗರಾವ್ ಇಟ್ಟದ್ದಲ್ಲ, ಚಿಕ್ಕಪ್ಪನ ಯಂತ್ರದ್ದು. ವಿಷ್ಣುವರ್ಧನ್ ಮತ್ತು ಸುಹಾಸಿನಿ ನಟಿಸಿದ 1984ರ ಆ ಚಿತ್ರವನ್ನು ಅವನು ಎಷ್ಟು ಸಲ ನೋಡಿದನೆಂಬ ಲೆಕ್ಕ ಅವನಿಗೇ ಇಲ್ಲ. ಹೇಳಲಾಗದ ಪ್ರೀತಿಯ ಆ ಕಥೆಯಲ್ಲಿ ಅವನಿಗೆ ತನ್ನದೇನು ಕಂಡಿತ್ತು ಎಂದು ನಾನು ಕೇಳಿಲ್ಲ. ಕೆಲವನ್ನು ಕೇಳಬಾರದು.

ನಮ್ಮದೇ ಎನ್ನಬಹುದಾದ, ದೊಡ್ಡವರಿಂದ ಕಡ ಪಡೆಯದ ಹಾಡುಗಳೂ ಇದ್ದವು. ಅವು ಆಗ ಬಾಲನಟನಾಗಿದ್ದ ಪುಟ್ಟ ಪುನೀತ್ ಹಾಡಿದವು. 'ಭಾಗ್ಯವಂತ' ಚಿತ್ರದಲ್ಲಿ ಟಿ.ಜಿ. ಲಿಂಗಪ್ಪ ಸಂಗೀತ, 'ಚಲಿಸುವ ಮೋಡಗಳು' ಮತ್ತು 'ಬೆಟ್ಟದ ಹೂವು' ಚಿತ್ರಗಳಲ್ಲಿ ರಾಜನ್-ನಾಗೇಂದ್ರ ಸಂಗೀತ. ಹಾಡುತ್ತಿದ್ದವನು ನಮಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು, ಪಕ್ಕದ ಮನೆಯ ಅಣ್ಣನ ವಯಸ್ಸಿನವನು. ಅವನ ಉಸಿರು ಎಲ್ಲಿ ಸಾಲದಾಗುತ್ತದೆಯೋ ಅಲ್ಲೇ ನಮ್ಮದೂ ಸಾಲದಾಗುತ್ತಿತ್ತು. 1985ರ 'ಬೆಟ್ಟದ ಹೂವು' ಚಿತ್ರದಲ್ಲಿ ಬಡ ಹುಡುಗ ರಾಮು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲೆಂದು ಹೂವು ತಂದು ಮಾರಿ ಕಾಸು ಕೂಡಿಡುತ್ತಾನೆ. ಕೊನೆಗೆ ಆ ಕಾಸಿನಲ್ಲಿ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ಆ ಪಾತ್ರಕ್ಕೆ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಮಳೆಯಲ್ಲಿ, ಬಿಸಿಲಲ್ಲಿ ಶಾಲೆಗೆ ನಡೆಯುತ್ತಾ ಅವನು ಆ ಚಿತ್ರದಲ್ಲಿ ಹಾಡಿದ ಹಾಡನ್ನು ಹಾಡದ ಮಗು ನಮ್ಮ ಓರಗೆಯಲ್ಲಿ ಇರಲಾರದು.

ಪುನೀತ್ ತೀರಿಕೊಂಡ 2021ರ ಅಕ್ಟೋಬರ್ 29ರ ನಂತರದ ದಿನಗಳಲ್ಲಿ ನಾಡಿನ ಬೀದಿಬೀದಿಯಲ್ಲಿ ಆ ಮಗುವಿನ ಕಂಠ ಮತ್ತೆ ಕೇಳಿಸಿತು. ಸರ್ಕಲ್ಲುಗಳಲ್ಲಿ ಹೂವಿನ ಹಾರ ಹಾಕಿದ ಫೋಟೋ, ಪಕ್ಕದಲ್ಲಿ ಸ್ಪೀಕರು, ಸ್ಪೀಕರಿನಲ್ಲಿ ಆರೇಳು ವರ್ಷದ ಹುಡುಗನ ಹಾಡು. ಎಳವೆಯ ಹಾಡಿಗೆ ಮರಳುವುದೆಂದರೆ ಸಿಹಿ ನೆನಪು ಎಂದುಕೊಂಡಿದ್ದ ನನ್ನ ಪೀಳಿಗೆಗೆ ಅದು ಬೇರೆಯೇ ಪಾಠವಾಯಿತು. ನಮ್ಮ ಓರಗೆಯವನೊಬ್ಬ ಹೋಗಿಬಿಟ್ಟಿದ್ದ, ಅವನ ಹಾಡಿಗೆ ಮಾತ್ರ ವಯಸ್ಸಾಗಿರಲಿಲ್ಲ. ನಡುವಯಸ್ಸಿನ ಗಂಡಸರು ಆಟೋ ನಿಲ್ಲಿಸಿ ನಿಂತು ಕೇಳಿ ಕಣ್ಣೊರೆಸಿಕೊಂಡು ಹೋದರು. ನಾನೂ ನಿಂತಿದ್ದೆ.

ಹಳೆಯದೆಲ್ಲ ಚಿನ್ನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮತ್ತೆ ಕೇಳಿದಾಗ ಕೈಬಿಟ್ಟ ಹಾಡುಗಳೂ ಸಾಕಷ್ಟಿವೆ. ದಾರಿಯಲ್ಲಿ ಹೋಗುವ ಹೆಣ್ಣನ್ನು ಅಡ್ಡಗಟ್ಟಿ, ಸೆರಗು ಹಿಡಿದು ಎಳೆದು, ಅವಳ ಬೇಡವನ್ನು ನಾಚಿಕೆಯೆಂದು ಓದಿದ ಹಾಡುಗಳನ್ನು ನಾವು ಪುಟ್ಟ ಹುಡುಗಿಯರು ಚಪ್ಪಾಳೆ ತಟ್ಟಿ ಹಾಡಿದ್ದೇವೆ. ಅವುಗಳ ತಾಳ ಇವತ್ತಿಗೂ ಚೆನ್ನಾಗಿದೆ, ಮಾತು ಸಹಿಸಲಾಗುವುದಿಲ್ಲ. ಅವನ್ನು ನನ್ನ ಮಗಳಿಗೆ ಕೇಳಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅವಳೇ ಕೇಳಿಕೊಂಡು ಬಂದರೆ, ಅದರಲ್ಲಿ ಏನು ತಪ್ಪಿದೆ ಎಂದು ಕೂರಿಸಿಕೊಂಡು ಹೇಳುತ್ತೇನೆ. 1987ರಲ್ಲಿ ಹಂಸಲೇಖ ಅವರ 'ಪ್ರೇಮಲೋಕ' ಬಂದು ಕ್ಯಾಸೆಟ್ ಅಂಗಡಿಗಳ ಮುಂದೆ ಸಾಲು ನಿಂತಾಗ ನನ್ನ ಎಳವೆ ಮುಗಿದಿತ್ತು, ಹಾಡು ಆರಿಸಿಕೊಳ್ಳುವ ವಯಸ್ಸು ಶುರುವಾಗಿತ್ತು. ಅದು ಬೇರೆಯೇ ಬರಹದ ವಿಷಯ.

ನನ್ನ ಮಗಳಿಗೀಗ ಏಳು ವರ್ಷ. ಅಡುಗೆಮನೆಯಲ್ಲಿ ನಾನು ಹಾಕಿಕೊಳ್ಳುವ ತೊಂಬತ್ತರ ದಶಕದ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಅವು ತನ್ನ ಹಾಡುಗಳೆಂದೇ ತಿಳಿದಿದ್ದಾಳೆ, ನಾನು ಹೇಳಿಕೊಟ್ಟಿಲ್ಲ. ಅದಕ್ಕೇ ಈಗ ಹಾಡು ಹಾಕುವ ಮೊದಲು ರೇಡಿಯೊದವರಂತೆ ಬರೆದವರ, ರಾಗ ಹಾಕಿದವರ, ಹಾಡಿದವರ ಹೆಸರು ಹೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದವರು ಇದ್ದರೆ, ಅವರಿಗೆ ಇಪ್ಪತ್ತು ವರ್ಷವಿದ್ದಾಗ ಬಂದ ಚಿತ್ರಗಳ ಹಾಡುಗಳನ್ನು ಹುಡುಕಿ, ಅವರ ಪಕ್ಕದಲ್ಲಿ ಕೂತು ಕೇಳಿಸಿ. ಎಲ್ಲಿ ನೋಡಿದಿರಿ, ಯಾರ ಜೊತೆ ಹೋಗಿದ್ದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಮೊಬೈಲಿನಲ್ಲಿಯಾದರೂ ಮುದ್ರಿಸಿಟ್ಟುಕೊಳ್ಳಿ. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಪದ್ಯಾವಳಿಗಳು ಸಿಕ್ಕರೆ ದಯವಿಟ್ಟು ರದ್ದಿಯವರಿಗೆ ಹಾಕಬೇಡಿ. ಎಷ್ಟೋ ಹಾಡುಗಳ ಪೂರ್ತಿ ಸಾಹಿತ್ಯ, ಬರೆದವರ ಹೆಸರಿನ ಸಮೇತ, ಅಚ್ಚಾಗಿರುವುದು ಆ ತೆಳು ಕಾಗದದ ಪುಸ್ತಕಗಳಲ್ಲಿ ಮಾತ್ರ.